ಜೀಪಿನ ಚಾಸಿ ಕೆಲಸ: ಹಿಂಬದಿಯ ತುಕ್ಕು ಕತ್ತರಿಸಿ ಹೊಸ ಉಕ್ಕು ಕೂರಿಸಿದ್ದು

ಆಗುಂಬೆ ಕಡೆಯ ಅಡಿಕೆ ತೋಟವೊಂದರಿಂದ ತಂದ ಹಳೆಯ ಮಹೀಂದ್ರ ಸಿಜೆ-3ಬಿ ಜೀಪಿನ ಬಾಡಿಯನ್ನು ಎತ್ತಿ ಬದಿಗಿಟ್ಟ ಮೇಲೆ, ಅದನ್ನು ಹೊರುವ ಉಕ್ಕಿನ ಚೌಕಟ್ಟಾದ ಚಾಸಿಯ ನಿಜವಾದ ಸ್ಥಿತಿ ತಿಳಿಯಿತು. ಸುತ್ತಿಗೆಯಿಂದ ಬಡಿಯುತ್ತಾ ಹೋದಾಗ ಎಂಜಿನ್ ಕೂರುವ ಭಾಗದಲ್ಲಿ ಗಟ್ಟಿ ಉಕ್ಕಿನ ಖಣಖಣ ಸದ್ದು ಬಂತು; ಹಿಂದಿನ ಕಮಾನು ಪಟ್ಟಿಯನ್ನು (ಲೀಫ್ ಸ್ಪ್ರಿಂಗ್) ಚಾಸಿಗೆ ಹಿಡಿದಿಡುವ ಹ್ಯಾಂಗರ್ ಹತ್ತಿರವಾದಂತೆ ಸದ್ದು ಮಂದವಾಗಿ, ಬಲಬದಿಯಲ್ಲಿ ಸುತ್ತಿಗೆಯ ಮೂತಿಯೇ ಒಳಗೆ ಇಳಿಯಿತು. ಚಾಸಿ ನಂಬರ್ ಇರುವ ಜಾಗಕ್ಕೆ ಕೊಳೆತ ತಲುಪಿಲ್ಲವಾದ್ದರಿಂದ ಆರ್‌ಸಿಯ ತಲೆನೋವಿಲ್ಲ.

ಆ ಜಾಗದಲ್ಲಿ ಹಿಂದೆ ಯಾರೋ ತುಕ್ಕಿನ ಮೇಲೆಯೇ ಒಳಬದಿಗೆ ಪಟ್ಟಿ ಬೆಸೆದು, ಒಂದು ಬದಿ ತೆರೆದ, C ಅಕ್ಷರದ ಆಕಾರದ ಚಾಸಿಯ ತೊಲೆಯನ್ನು (ಸಿ-ಚಾನೆಲ್) ಪೆಟ್ಟಿಗೆಯಂತೆ ಮುಚ್ಚಿಬಿಟ್ಟಿದ್ದರು. ನೀರು ಒಳಗೆ ಹೋಗಲು ಸಂದುಗಳಿದ್ದವು, ಹೊರಗೆ ಬರಲು ದಾರಿಯಿರಲಿಲ್ಲ. ಪಟ್ಟಿಯನ್ನು ಗ್ರೈಂಡರಿನಲ್ಲಿ ಕತ್ತರಿಸಿ ತೆಗೆದಾಗ ಒಳಗೆ ಹಸಿ ಕೆಮ್ಮಣ್ಣು, ಸೋಗೆಯ ಚೂರು, ಪದರ ಪದರವಾಗಿ ಏಳುವ ತುಕ್ಕು ಒಟ್ಟಿಗೆ ಗಟ್ಟಿಗೊಂಡಿದ್ದವು. "ಇದು ಹೊರಗಿಂದ ಹೋದದ್ದಲ್ಲ ಮಾರಾಯ್ರೆ, ಒಳಗಿಂದ ತಿಂದದ್ದು" ಎಂದು ವೆಲ್ಡಿಂಗ್ ಮೇಸ್ತ್ರಿ ಹೇಳಿದ್ದು ಸರಿಯಾಗಿಯೇ ಇತ್ತು. ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಸುರಿಯುವ ಊರಿನಲ್ಲಿ ಇಷ್ಟೇ ಸಾಕು. ಆದರೆ ಕೊಳೆರೋಗದ ಔಷಧಿಗೆಂದು ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರಿನ ಡ್ರಮ್ಮುಗಳನ್ನೂ ಈ ಜೀಪು ಹೊತ್ತಿದೆ. ಈ ನೀರಿಗೆ ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಕಾಗಿದೆಯೇ ಎಂದು ನೋಡಲು ಕತ್ತಿಯನ್ನು ಅದ್ದುವುದು ತೋಟದವರಿಗೆಲ್ಲ ಗೊತ್ತು: ಸುಣ್ಣ ಕಡಿಮೆಯಿದ್ದರೆ ಅಲಗಿನ ಮೇಲೆ ತಾಮ್ರ ಕೂರುತ್ತದೆ, ಅಷ್ಟೇ ಕಬ್ಬಿಣ ಕರಗಿ ಹೋಗಿರುತ್ತದೆ. ಸುಣ್ಣ ಬೆರೆಸದ ನೀರು ಚೆಲ್ಲಿದಾಗಲೆಲ್ಲ ಚಾಸಿಯ ಮೇಲೂ ಇದೇ ನಡೆದಿರಬೇಕು.

ಕತ್ತರಿಸುವ ಮುನ್ನ ಬ್ಯಾಟರಿ ಮತ್ತು ಪೆಟ್ರೋಲ್ ಟ್ಯಾಂಕನ್ನು ಕಳಚಿ ಶೆಡ್ಡಿನಿಂದ ಹೊರಗಿಟ್ಟೆವು. ಚಾಸಿಯನ್ನು ಸ್ಟ್ಯಾಂಡುಗಳ ಮೇಲೆ ಮಟ್ಟವಾಗಿ ಕೂರಿಸಿ, ತೂಕದ ಗುಂಡು ಇಳಿಬಿಟ್ಟು, ಕಮಾನು ಪಟ್ಟಿಯ ತೂತುಗಳ ಸ್ಥಾನವನ್ನು ನೆಲದ ಮೇಲೆ ಗುರುತು ಹಾಕಿ ಕರ್ಣಗಳನ್ನು ಅಳೆದೆವು. ಎರಡೂ ಕರ್ಣ ಸಮನಾಗಿದ್ದದ್ದು ನೆಮ್ಮದಿಯ ವಿಷಯ. ಚಾಸಿ ಕೊಳೆತಿದೆ, ಸೊಟ್ಟಗಾಗಿಲ್ಲ. ಆ ಅಳತೆ ಕೈತಪ್ಪದಂತೆ ಎರಡೂ ಬದಿಗಳ ನಡುವೆ ಆಂಗಲ್ ಕಬ್ಬಿಣವನ್ನು ಅಡ್ಡಲಾಗಿ ಟ್ಯಾಕ್ (ತಾತ್ಕಾಲಿಕ ಚುಕ್ಕೆ ಬೆಸುಗೆ) ಹಾಕಿ, ಒಂದು ಬದಿ ಪೂರ್ತಿ ಮುಗಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಿದೆವು.

ಕೊಳೆತ ಜಾಗ ದಾಟಿ ಗಟ್ಟಿ ಉಕ್ಕು ಸಿಗುವವರೆಗೂ ಹೋಗಿ, 45 ಡಿಗ್ರಿ ಓರೆಯಾಗಿ ಕತ್ತರಿಸಿದೆವು. ನೇರ ಅಡ್ಡಕ್ಕೆ ಕತ್ತರಿಸಿದರೆ ಚಾಸಿ ಬಾಗಿದಾಗಲೆಲ್ಲ ಎಳೆತವೆಲ್ಲ ಒಂದೇ ಗೆರೆಗೆ ಬೀಳುತ್ತದೆ. ಓರೆಯಾದರೆ ಬೆಸುಗೆ ಉದ್ದವಾಗಿ ಭಾರ ಹಂಚಿಹೋಗುತ್ತದೆ. ಹೊಸ ಚಾನೆಲ್ಲನ್ನು ಹಳೆಯದರಷ್ಟೇ, ಅಂದರೆ 3 ಮಿ.ಮೀ. ದಪ್ಪದ ಶೀಟಿನಲ್ಲಿ ಬಗ್ಗಿಸಿಕೊಂಡೆವು. "ಸ್ವಲ್ಪ ದಪ್ಪದ್ದೇ ಹಾಕಿ, ಗಟ್ಟಿ ಇರಲಿ" ಎಂಬ ಸಲಹೆ ಬಂದವರೆಲ್ಲರಿಂದಲೂ ಬಂತು. ಅದನ್ನು ಕೇಳಲಿಲ್ಲ, ಏಕೆಂದರೆ ಬಾಗದ ತುಂಡಿನ ಅಂಚಿನಲ್ಲೇ ಹಳೆಯ ಉಕ್ಕು ಬಿರುಕು ಬಿಡುತ್ತದೆ.

ಬೆಸುಗೆಗೆ ಬಳಸಿದ್ದು 7018 ಎಂಬ ಬಗೆಯ ವೆಲ್ಡಿಂಗ್ ರಾಡು. ಇದು ಗಾಳಿಯ ತೇವವನ್ನು ಹೀರುತ್ತದೆ; ಹೀರಿದ ರಾಡಿನಲ್ಲಿ ಬೆಸೆದರೆ ಒಳಗೆ ಸಣ್ಣ ರಂಧ್ರಗಳೂ ನಂತರ ಬಿರುಕುಗಳೂ ಬರುತ್ತವೆ. ಮಲೆನಾಡಿನ ಗಾಳಿಯಲ್ಲಿ ಇದು ಪುಸ್ತಕದ ಮಾತಲ್ಲ, ಆದ್ದರಿಂದ ರಾಡುಗಳನ್ನು ಓವನ್ನಿನಲ್ಲಿ ಒಣಗಿಸಿ ಬಿಸಿಯಿರುವಾಗಲೇ ಬಳಸಿದೆವು. ಅಂಚುಗಳನ್ನು ಇಳಿಜಾರಾಗಿ ಉಜ್ಜಿ, ಒಂದಂಗುಲ ಇಲ್ಲಿ, ಒಂದಂಗುಲ ಅಲ್ಲಿ ಎಂದು ಬೆಸೆದು, ನಡುನಡುವೆ ತಣಿಯಲು ಬಿಟ್ಟದ್ದರಿಂದ ಚಾನೆಲ್ ಬಿಸಿಗೆ ಎಳೆದುಕೊಂಡು ಸೊಟ್ಟಗಾಗಲಿಲ್ಲ.

ಈ ಸಲ ಚಾನೆಲ್ಲನ್ನು ಮುಚ್ಚಿಲ್ಲ. ಕೆಳಗಿನ ಅಂಚಿನಲ್ಲಿ, ಭಾರ ಬೀಳುವ ಜಾಗ ಬಿಟ್ಟು, ನೀರಿಳಿಯಲು ತೂತು ಕೊರೆದು, ಒಳಗೂ ಹೊರಗೂ ಜಿಂಕ್ ಪ್ರೈಮರ್ ಹೊಡೆದಿದ್ದೇವೆ. ಆಂಗಲ್ ಕಬ್ಬಿಣ ಬಿಚ್ಚಿದ ಮೇಲೂ ಕರ್ಣಗಳು ಸಮನಾಗಿವೆ. ಹೊಸ ಹ್ಯಾಂಗರುಗಳನ್ನು ಬೋಲ್ಟು ಹಾಕಿ ನಿಲ್ಲಿಸಿದ್ದಷ್ಟೇ ಆಗಿದೆ. ಆಕ್ಸಲ್ ಕೂರಿಸಿ, ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ 80 ಅಂಗುಲ ಎರಡೂ ಬದಿಯಲ್ಲಿ ಸರಿ ಬಂದರೆ ಮಾತ್ರ ರಿವೆಟ್ ಹೊಡೆಸುವುದು.