ಆಟದೊಳಗೆ ರಾಜಕೀಯ ಯಾಕೆ ತರುತ್ತೀರಿ?

ವಿಶ್ವಕಪ್ ಬಂತೆಂದರೆ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. "ಫುಟ್‌ಬಾಲ್ ನೋಡುವಾಗಲೂ ರಾಜಕೀಯ ಮಾತಾಡ್ತೀರಲ್ಲ, ಆಟವನ್ನು ಆಟವಾಗಿ ನೋಡೋಕೆ ಆಗಲ್ವಾ?" ಕೇಳುವವರಲ್ಲಿ ಹೆಚ್ಚಿನವರು ಜಗಳಕ್ಕೆ ಬಂದವರಲ್ಲ. ದಿನವಿಡೀ ಸುದ್ದಿಯ ಗದ್ದಲ ಕೇಳಿ ಬೇಸತ್ತವರು, ತೊಂಬತ್ತು ನಿಮಿಷವಾದರೂ ಅದರಿಂದ ಬಿಡುವು ಸಿಗಲಿ ಎಂದುಕೊಂಡವರು. ಆ ಆಸೆ ನನಗೂ ಇದೆ. ಹಾಗಾಗಿ ಸಾವಧಾನವಾಗಿಯೇ ಉತ್ತರಿಸುತ್ತೇನೆ.

ಕ್ಲಬ್ ಫುಟ್‌ಬಾಲ್‌ನಲ್ಲಿ ಹಣವಿದ್ದರೆ ಯಾವ ದೇಶದ ಆಟಗಾರನನ್ನಾದರೂ ಕರೆತರಬಹುದು. ರಾಷ್ಟ್ರೀಯ ತಂಡಕ್ಕೆ ಆಡಬೇಕಾದರೆ ಆ ದೇಶದ ಪೌರತ್ವ ಬೇಕು. ಚೆಂಡು ಉರುಳುವ ಮೊದಲೇ ಬಾವುಟ, ರಾಷ್ಟ್ರಗೀತೆ, ಗಣ್ಯರ ಸಾಲಿನಲ್ಲಿ ಎದ್ದುನಿಂತ ಅಧ್ಯಕ್ಷರು. ಕ್ಯಾಮೆರಾ ಅವರ ಮುಖದ ಮೇಲೆ ನಿಲ್ಲುತ್ತದೆ. ಅಲ್ಲಿಗೆ ರಾಜಕೀಯವನ್ನು ನಾನು ಹೊತ್ತು ತರಬೇಕಾಗಿಲ್ಲ, ನಾನು ಟಿವಿ ಹಾಕುವ ಮೊದಲೇ ಅದು ಮುಂದಿನ ಸಾಲಿನಲ್ಲಿ ಕೂತಿರುತ್ತದೆ.

ನನ್ನ ತಕರಾರು ಬೇರೆಯದು. "ರಾಜಕೀಯ ಬೇಡ" ಎಂಬ ನಿಯಮ ಅಂಗಣದಲ್ಲಿ ಓಡುವವರಿಗೆ ಮಾತ್ರ ಅನ್ವಯಿಸುತ್ತದೆ. ಗಣ್ಯರ ಗ್ಯಾಲರಿಯವರೆಗೆ ಅದು ಹತ್ತುವುದೇ ಇಲ್ಲ. 2022ರ ಕತಾರ್ ವಿಶ್ವಕಪ್‌ನಲ್ಲಿ ಯುರೋಪಿನ ಏಳು ತಂಡಗಳ ಕ್ಯಾಪ್ಟನ್‌ಗಳು ತಾರತಮ್ಯದ ವಿರುದ್ಧ ಬಣ್ಣಬಣ್ಣದ ತೋಳುಪಟ್ಟಿ ಕಟ್ಟಿಕೊಳ್ಳಲು ಹೊರಟಿದ್ದರು. ಕಟ್ಟಿಕೊಂಡು ಅಂಗಣಕ್ಕಿಳಿದರೆ ಹಳದಿ ಕಾರ್ಡ್ ಎಂದಿತು ಜಗತ್ತಿನ ಫುಟ್‌ಬಾಲ್ ನಡೆಸುವ ಸಂಸ್ಥೆ ಫಿಫಾ, ಏಳೂ ತಂಡಗಳು ಹಿಂದೆ ಸರಿದವು. ಜರ್ಮನಿಯ ಆಟಗಾರರು ಜಪಾನ್ ವಿರುದ್ಧದ ಪಂದ್ಯಕ್ಕೆ ಮೊದಲು ತಂಡದ ಫೋಟೊದಲ್ಲಿ ಬಾಯಿಗೆ ಕೈ ಅಡ್ಡ ಹಿಡಿದರು, ಅಷ್ಟೇ ಆದದ್ದು. ಅದೇ ಫಿಫಾ 2025ರ ಡಿಸೆಂಬರ್‌ನಲ್ಲಿ, 2026ರ ವಿಶ್ವಕಪ್‌ನ ಡ್ರಾ ಸಮಾರಂಭದಲ್ಲಿ, ತಾನೇ ಹೊಸದಾಗಿ ಹುಟ್ಟುಹಾಕಿದ ಶಾಂತಿ ಪ್ರಶಸ್ತಿಯನ್ನು ಆತಿಥೇಯ ದೇಶಗಳಲ್ಲೊಂದಾದ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್‌ಗೆ ಕೊಟ್ಟಿತು. ತೋಳುಪಟ್ಟಿ ರಾಜಕೀಯವಾದರೆ ಈ ಪ್ರಶಸ್ತಿ ಏನು?

ಇದು ಇಂದಿನ ಅಧಿಕಾರಿಗಳು ಕಂಡುಹಿಡಿದ ಚಾಳಿಯೇನಲ್ಲ. 1973ರ ಸಂಗತಿ ಓದಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಆ ಸೆಪ್ಟೆಂಬರ್ 11ರಂದು ಚಿಲಿಯಲ್ಲಿ ಜನರಲ್ ಪಿನೊಷೆ ಸೇನಾಕ್ರಾಂತಿ ನಡೆಸಿದ. ಸ್ಯಾಂಟಿಯಾಗೊದ ರಾಷ್ಟ್ರೀಯ ಕ್ರೀಡಾಂಗಣ ಸೆರೆಶಿಬಿರವಾಯಿತು, ಸಾವಿರಾರು ಜನರನ್ನು ಅಲ್ಲಿ ಕೂಡಿಹಾಕಿ ಚಿತ್ರಹಿಂಸೆ ಕೊಟ್ಟರು. ಅದೇ ಅಂಗಣದಲ್ಲಿ ನವೆಂಬರ್‌ನಲ್ಲಿ ಚಿಲಿ ಮತ್ತು ಸೋವಿಯತ್ ಒಕ್ಕೂಟದ ನಡುವೆ ವಿಶ್ವಕಪ್ ಅರ್ಹತಾ ಪಂದ್ಯ ನಡೆಯಬೇಕಿತ್ತು. ಪರಿಶೀಲನೆಗೆ ಬಂದ ಫಿಫಾ ನಿಯೋಗ, ಕೈದಿಗಳು ಇನ್ನೂ ಒಳಗಿರುವಾಗಲೇ, ಹುಲ್ಲುಹಾಸು ನೋಡಿ ಎಲ್ಲ ಸರಿಯಿದೆ ಎಂದು ವರದಿ ಕೊಟ್ಟಿತು. ಸೋವಿಯತ್ ತಂಡ ಬರಲಿಲ್ಲ. ನವೆಂಬರ್ 21ರಂದು ಎದುರಾಳಿಯೇ ಇಲ್ಲದ ಅಂಗಣದಲ್ಲಿ ಚಿಲಿಯ ಆಟಗಾರರು ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಹೋಗಿ ಖಾಲಿ ಗೋಲಿಗೆ ತಳ್ಳಿದರು. ಫಿಫಾ ಲೆಕ್ಕದಲ್ಲಿ ಚಿಲಿಗೆ 2-0 ಗೆಲುವು. ಸೋವಿಯತ್ ಸರ್ಕಾರಕ್ಕೂ ತನ್ನದೇ ಲೆಕ್ಕಾಚಾರಗಳಿದ್ದವು, ಸೆರೆಶಿಬಿರಗಳ ವಿಷಯದಲ್ಲಿ ಪಾಠ ಹೇಳುವ ಯೋಗ್ಯತೆ ಅದಕ್ಕಿರಲಿಲ್ಲ. ಆದರೂ ಆ ಅಂಗಣದಲ್ಲಿ ಆಡುವುದಿಲ್ಲ ಎಂದದ್ದು ಸರಿಯಾಗಿತ್ತು.

ಆ ಚಿಲಿ ತಂಡದಲ್ಲಿ ಕಾರ್ಲೊಸ್ ಕಾಸೆಲಿ ಎಂಬ ಫಾರ್ವರ್ಡ್ ಇದ್ದ. ತಂಡ 1974ರ ವಿಶ್ವಕಪ್‌ಗೆ ಹೊರಡುವ ಮುನ್ನ ಬೀಳ್ಕೊಡಲು ಬಂದ ಪಿನೊಷೆಯ ಕೈ ಕುಲುಕಲು ಅವನು ಒಪ್ಪಲಿಲ್ಲ. ಆ ಆಡಳಿತದಲ್ಲಿ ಅವನ ತಾಯಿಯನ್ನೂ ಹಿಡಿದೊಯ್ದು ಹಿಂಸಿಸಿದರು. ರಾಷ್ಟ್ರೀಯ ತಂಡ ಅಂದರೆ ಯಾರದ್ದು ಎಂಬ ಪ್ರಶ್ನೆ ಬಂದಾಗ ನನಗೆ ಕಾಣುವುದು ಆ ಸಾಲು. ಒಂದೇ ಜೆರ್ಸಿಯ ಎದುರು ಒಬ್ಬ ಕೈ ಚಾಚಿ ನಿಂತಿದ್ದಾನೆ, ಇನ್ನೊಬ್ಬ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದಾನೆ. ಆ ಜೆರ್ಸಿ ಎರಡನೆಯವನದ್ದು ಎಂದು ನಂಬಿ ನಾನು ಫುಟ್‌ಬಾಲ್ ನೋಡುತ್ತೇನೆ.

ದೇಶಕ್ಕಿಂತ ಮೊದಲೇ ತಂಡ ಹುಟ್ಟಿದ್ದೂ ಇದೆ. ರಶೀದ್ ಮೆಖ್ಲೂಫಿ ಫ್ರಾನ್ಸ್‌ನ ಆಳ್ವಿಕೆಯಲ್ಲಿದ್ದ ಅಲ್ಜೀರಿಯಾದಲ್ಲಿ ಹುಟ್ಟಿದ ಆಟಗಾರ. 1957ರಲ್ಲಿ ಸೇಂಟ್-ಎಟಿಯೆನ್ ಕ್ಲಬ್‌ನೊಂದಿಗೆ ಫ್ರೆಂಚ್ ಲೀಗ್ ಗೆದ್ದಿದ್ದ, 1958ರ ವಿಶ್ವಕಪ್‌ಗೆ ಫ್ರಾನ್ಸ್ ತಂಡದಲ್ಲಿ ಅವನ ಹೆಸರು ಬರಬಹುದು ಎಂಬ ನಿರೀಕ್ಷೆ ಇತ್ತು. ಆ ಏಪ್ರಿಲ್‌ನಲ್ಲಿ ಅವನೂ ಮುಸ್ತಫಾ ಝಿತೂನಿಯೂ ಇನ್ನಷ್ಟು ಅಲ್ಜೀರಿಯನ್ ಆಟಗಾರರೂ ಗುಟ್ಟಾಗಿ ಫ್ರಾನ್ಸ್ ಬಿಟ್ಟು ಟ್ಯೂನಿಸ್ ಸೇರಿಕೊಂಡರು. ಸ್ವಾತಂತ್ರ್ಯ ಹೋರಾಟ ನಡೆಸುತ್ತಿದ್ದ ಎಫ್‌ಎಲ್‌ಎನ್ ಹೆಸರಿನಲ್ಲಿ ಒಂದು ತಂಡ ಕಟ್ಟಿದರು. ಮೆಖ್ಲೂಫಿ ಆಗ ಫ್ರೆಂಚ್ ಸೇನೆಯ ಸೈನಿಕ ಕೂಡ, ಸಿಕ್ಕಿಬಿದ್ದಿದ್ದರೆ ಸೇನೆ ಬಿಟ್ಟು ಓಡಿದ ಆರೋಪ ಹೊರಬೇಕಿತ್ತು. ಫಿಫಾ ಈ ತಂಡವನ್ನು ಮಾನ್ಯ ಮಾಡಲಿಲ್ಲ, ಇವರೊಂದಿಗೆ ಆಡುವವರಿಗೆ ಶಿಕ್ಷೆ ಎಂದು ಎಚ್ಚರಿಸಿತು. ಆದರೂ ಅವರು ಪೂರ್ವ ಯುರೋಪ್, ಅರಬ್ ದೇಶಗಳು, ಏಷ್ಯಾ ಎಲ್ಲ ಸುತ್ತಿ ಆಡಿದರು. ಇನ್ನೂ ಇಲ್ಲದ ದೇಶದ ಬಾವುಟ ಅವರ ಪಂದ್ಯಗಳಲ್ಲಿ ಹಾರಿತು. 1962ರಲ್ಲಿ ಅಲ್ಜೀರಿಯಾ ಸ್ವತಂತ್ರವಾಯಿತು. ಅದಾದ ಇಪ್ಪತ್ತು ವರ್ಷಕ್ಕೆ ಸ್ಪೇನ್‌ನ ಹಿಹೋನ್ ನಗರದಲ್ಲಿ ನಡೆದ ವಿಶ್ವಕಪ್ ಪಂದ್ಯದಲ್ಲಿ ಅಲ್ಜೀರಿಯಾ ಪಶ್ಚಿಮ ಜರ್ಮನಿಯನ್ನು 2-1ರಿಂದ ಸೋಲಿಸಿದಾಗ ಆ ತಂಡದ ಇಬ್ಬರು ಕೋಚ್‌ಗಳಲ್ಲಿ ಒಬ್ಬ ಇದೇ ಮೆಖ್ಲೂಫಿ. ಆಟವನ್ನು ಆಟವಾಗಿ ನೋಡಿ ಎನ್ನುವವರಿಗೆ ನಾನು ಕೇಳುವುದು ಇಷ್ಟೇ, ಈ ಹಿನ್ನೆಲೆ ತೆಗೆದಿಟ್ಟು ಆ 2-1ನ್ನು ನೋಡಿದರೆ ಸಿಗುವುದು ಹೆಚ್ಚೋ ಕಡಿಮೆಯೋ?

ಹಾಗೆಂದು ಒಂದು ಗೆಲುವು ಸರ್ಕಾರವನ್ನು ಉಳಿಸುತ್ತದೆ, ಸಮಾಜವನ್ನು ಒಂದುಗೂಡಿಸುತ್ತದೆ ಎಂಬ ಮಾತುಗಳನ್ನು ನಾನು ನಂಬುವುದಿಲ್ಲ. 1978ರಲ್ಲಿ ಅರ್ಜೆಂಟೀನಾದ ಸೇನಾ ಆಡಳಿತ ವಿಶ್ವಕಪ್ ನಡೆಸಿ, ಗೆದ್ದು, ಟ್ರೋಫಿಯನ್ನು ತನ್ನ ಮುಖ್ಯಸ್ಥ ಜನರಲ್ ವಿಡೆಲಾನ ಕೈಯಿಂದಲೇ ಕೊಡಿಸಿತು. ಫೈನಲ್ ನಡೆದ ಅಂಗಣದ ಸಮೀಪದ ನೌಕಾಪಡೆಯ ತರಬೇತಿ ಶಾಲೆಯಲ್ಲಿ ಕೈದಿಗಳಿಗೆ ಚಿತ್ರಹಿಂಸೆ ನಡೆಯುತ್ತಿತ್ತು, ಗೋಲಿನ ಕೂಗು ಅವರಿಗೂ ಕೇಳಿಸಿತ್ತು. ಆದರೆ ಫಾಕ್‌ಲ್ಯಾಂಡ್ ಯುದ್ಧ ಸೋತ ಮೇಲೆ, 1983ರ ಹೊತ್ತಿಗೆ ಆ ಆಡಳಿತ ಹೋಯಿತು. ಆ ಕಪ್ ಅವರನ್ನು ಕಾಯಲಿಲ್ಲ.

ಒಳ್ಳೆಯ ಆಸೆಗಳ ಕಥೆಯೂ ಅದೇ. 1996ರಲ್ಲಿ ಫ್ರಾನ್ಸ್‌ನ ತೀವ್ರ ಬಲಪಂಥೀಯ ನಾಯಕ ಝಾನ್-ಮಾರಿ ಲೆ ಪೆನ್, ಹೊರಗಿನಿಂದ ಬಂದವರನ್ನು ಸೇರಿಸಿ ಫ್ರಾನ್ಸ್ ತಂಡ ಎನ್ನುವುದು ಕೃತಕ ಎಂದು ದೂರಿದ್ದ. ಎರಡು ವರ್ಷಕ್ಕೆ ಅದೇ ತಂಡ ವಿಶ್ವಕಪ್ ಗೆದ್ದಿತು, ಅಲ್ಜೀರಿಯಾದಿಂದ ಬಂದ ದಂಪತಿಯ ಮಗ ಝಿದಾನ್ ಫೈನಲ್‌ನಲ್ಲಿ ತಲೆಯಿಂದ ಎರಡು ಗೋಲು ಹೊಡೆದ. ಫ್ರಾನ್ಸ್ ಬದಲಾಯಿತು ಎಂದು ಎಷ್ಟು ಜನ ಬರೆದರು! 2002ರ ಅಧ್ಯಕ್ಷೀಯ ಚುನಾವಣೆಯಲ್ಲಿ ಲೆ ಪೆನ್ ಕೊನೆಯ ಸುತ್ತಿಗೆ ಬಂದ. ಅಂತರ್ಯುದ್ಧದಲ್ಲಿ ಸಿಲುಕಿದ್ದ ಐವರಿ ಕೋಸ್ಟ್ 2005ರಲ್ಲಿ ಮೊದಲ ಬಾರಿ ವಿಶ್ವಕಪ್‌ಗೆ ಅರ್ಹತೆ ಪಡೆದ ದಿನ ತಂಡದ ಸ್ಟ್ರೈಕರ್ ಡ್ರೋಗ್ಬಾ ಸಹಆಟಗಾರರೊಂದಿಗೆ ಮಂಡಿಯೂರಿ, ಆಯುಧ ಕೆಳಗಿಡಿ ಎಂದು ದೇಶದವರನ್ನು ಬೇಡಿಕೊಂಡ. 2007ರಲ್ಲಿ ಬಂಡುಕೋರರ ಹಿಡಿತದಲ್ಲಿದ್ದ ಬುವಾಕೆ ನಗರದಲ್ಲೇ ರಾಷ್ಟ್ರೀಯ ತಂಡ ಆಡಿತು. ಅದನ್ನು ನೆನೆದರೆ ಈಗಲೂ ನನ್ನ ಗಂಟಲು ಕಟ್ಟುತ್ತದೆ. ಆದರೆ 2010ರ ಚುನಾವಣೆಯ ನಂತರ ಅಲ್ಲಿ ಮತ್ತೆ ರಕ್ತ ಹರಿಯಿತು. ಶಾಂತಿ ಒಪ್ಪಂದವನ್ನು ಉಳಿಸಿಕೊಳ್ಳಬೇಕಾದವರು ನಾಯಕರು, ಆ ಹೊರೆಯನ್ನು ಒಬ್ಬ ಸ್ಟ್ರೈಕರ್‌ನ ತಲೆಗೆ ಕಟ್ಟುವುದು ಅನ್ಯಾಯ.

ಅದಕ್ಕೇ ಆಟಗಾರರಿಂದ ಧೈರ್ಯವನ್ನು ಹಕ್ಕಿನಂತೆ ಕೇಳುವುದೂ ನನಗೆ ಹಿಡಿಸುವುದಿಲ್ಲ. 2022ರಲ್ಲಿ ಪೊಲೀಸರ ವಶದಲ್ಲಿದ್ದ ಯುವತಿ ಮಹ್ಸಾ ಅಮಿನಿ ಸಾವಿನ ನಂತರದ ಪ್ರತಿಭಟನೆಗಳ ನಡುವೆಯೇ ಇರಾನ್ ತಂಡ ಕತಾರ್‌ಗೆ ಬಂತು. ಇಂಗ್ಲೆಂಡ್ ವಿರುದ್ಧದ ಪಂದ್ಯದಲ್ಲಿ ಆಟಗಾರರು ರಾಷ್ಟ್ರಗೀತೆ ಹಾಡದೆ ನಿಂತರು, ಮುಂದಿನ ಪಂದ್ಯದಲ್ಲಿ ಹಾಡಿದರು. ಅಮೆರಿಕದೆದುರು ಸೋತಾಗ ಇರಾನಿನೊಳಗೇ ಕೆಲವರು ಬೀದಿಗಿಳಿದು ಸಂಭ್ರಮಿಸಿದರು. ಆ ಹುಡುಗರ ಸ್ಥಿತಿ ಯೋಚಿಸಿ. ಹಾಡಿದರೆ ಜನರ ಕೋಪ, ಹಾಡದಿದ್ದರೆ ಸರ್ಕಾರದ ಕೋಪ, ಮನೆಮಂದಿ ಎಲ್ಲ ಊರಲ್ಲಿ. ಸೋಫಾದಲ್ಲಿ ಕೂತು ಅವರನ್ನು ಹೇಡಿಗಳು ಎನ್ನಲು ನನಗೆ ಬಾಯಿ ಬರುವುದಿಲ್ಲ.

"ಇಷ್ಟೆಲ್ಲ ಗೊತ್ತಿದ್ದೂ ನೋಡ್ತೀರಲ್ಲ, ಬಹಿಷ್ಕರಿಸಬಹುದಲ್ಲ?" ಇದು ಬೆನ್ನಿಗೇ ಬರುವ ಪ್ರಶ್ನೆ. ಬಹಿಷ್ಕಾರಕ್ಕೆ ಬೆಲೆ ಬರುವುದು ಆಡಬೇಕಾದವರು ಒಟ್ಟಾಗಿ, ಸ್ಪಷ್ಟ ಬೇಡಿಕೆ ಇಟ್ಟು ಮಾಡಿದಾಗ. 1966ರ ವಿಶ್ವಕಪ್‌ಗೆ ಆಫ್ರಿಕಾಕ್ಕೆಂದು ಒಂದು ಸ್ಥಾನವೂ ಇರಲಿಲ್ಲ, ಅಲ್ಲಿ ಗೆದ್ದವರು ಏಷ್ಯಾ ಭಾಗದ ವಿಜೇತರೊಂದಿಗೆ ಮತ್ತೆ ಆಡಿ ಗೆಲ್ಲಬೇಕಿತ್ತು. ಎನ್‌ಕ್ರುಮಾ ಆಳುತ್ತಿದ್ದ ಘಾನಾ ಮುಂದೆ ನಿಂತಿತು, ಆಫ್ರಿಕಾದ ತಂಡಗಳು ಅರ್ಹತಾ ಸುತ್ತಿನಿಂದ ಹೊರಬಂದವು. 1970ಕ್ಕೆ ಆಫ್ರಿಕಾಕ್ಕೆ ಖಚಿತ ಸ್ಥಾನ ಸಿಕ್ಕಿ ಮೊರಾಕ್ಕೊ ಆಡಿತು. 2022ರಲ್ಲಿ ಅದೇ ಮೊರಾಕ್ಕೊ ಸೆಮಿಫೈನಲ್ ತಲುಪಿದ್ದನ್ನು ನಾವು ನೋಡಿದೆವು. ನಾನೊಬ್ಬ ಟಿವಿ ಆರಿಸಿದರೆ ಇಂಥದ್ದೇನೂ ಆಗುವುದಿಲ್ಲ. ಆರಿಸುವವರ ಮೇಲೆ ನನಗೆ ಗೌರವವಿದೆ, ಅದು ಅವರ ಆತ್ಮಸಾಕ್ಷಿಯ ಮಾತು.

ನಾನು ಕೇಳುವುದು ಒಂದೇ ಅಳತೆ. ಉಕ್ರೇನ್ ಮೇಲೆ ದಾಳಿಯಾದ ನಾಲ್ಕೇ ದಿನಕ್ಕೆ, 2022ರ ಫೆಬ್ರುವರಿ 28ರಂದು, ಫಿಫಾ ಮತ್ತು ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ರಷ್ಯಾ ತಂಡಗಳನ್ನು ಹೊರಗಿಟ್ಟವು. ಸರಿಯಾದ ನಿರ್ಧಾರ ಎಂದೇ ನನ್ನ ಅಭಿಪ್ರಾಯ. ಆದರೆ ಮೊದಲು ತಟಸ್ಥ ಸ್ಥಳ, ಬೇರೆ ಹೆಸರು ಎಂದೆಲ್ಲ ರಾಜಿಗೆ ನೋಡಿದ ಫಿಫಾ ಮಣಿದದ್ದು ಪೋಲೆಂಡ್, ಸ್ವೀಡನ್ ಮತ್ತು ಝೆಕ್ ತಂಡಗಳು ರಷ್ಯಾದೊಂದಿಗೆ ಆಡುವುದಿಲ್ಲ ಎಂದು ಪಟ್ಟು ಹಿಡಿದ ಮೇಲೆ. ಯಾವ ಯುದ್ಧಕ್ಕೆ, ಯಾವ ದಮನಕ್ಕೆ ಯಾವ ಶಿಕ್ಷೆ ಎಂಬುದು ಮೊದಲೇ ಬರೆದಿರಲಿ, ದೇಶ ನೋಡಿ ಬದಲಾಗದಿರಲಿ. ಮಾನವ ಹಕ್ಕುಗಳನ್ನು ಗೌರವಿಸುತ್ತೇವೆಂದು ಫಿಫಾ ತನ್ನ ನಿಯಮಾವಳಿಯಲ್ಲಿ ಬರೆದುಕೊಂಡಿದೆ. ಆದರೂ 2024ರ ಡಿಸೆಂಬರ್‌ನಲ್ಲಿ 2034ರ ವಿಶ್ವಕಪ್ ಸೌದಿ ಅರೇಬಿಯಾಕ್ಕೆ ಹೋದದ್ದು ಎದುರು ಸ್ಪರ್ಧಿಯೇ ಇಲ್ಲದೆ, ಸದಸ್ಯರ ಚಪ್ಪಾಳೆಯಿಂದ. ಅಲ್ಲಿನ ಕ್ರೀಡಾಂಗಣಗಳನ್ನು ಕಟ್ಟಲಿರುವ ವಲಸೆ ಕಾರ್ಮಿಕರ ಕೂಲಿ, ಸುರಕ್ಷತೆ, ಕೆಲಸ ಬಿಟ್ಟು ಹೋಗುವ ಸ್ವಾತಂತ್ರ್ಯದ ಬಗ್ಗೆ ಕೇಳಲು ಇನ್ನೂ ಸಮಯವಿದೆ. ಉದ್ಘಾಟನಾ ಪಂದ್ಯದ ವಾರ ಕೇಳಿದರೆ ಪ್ರಯೋಜನವಿಲ್ಲ, ಈಗಲೇ ಕೇಳಬೇಕು. ನಾನು ಕೇಳುತ್ತಲೇ ಇರುತ್ತೇನೆ, ಪಂದ್ಯಗಳನ್ನೂ ನೋಡುತ್ತೇನೆ.