ಎರಡು ಪ್ರತಿಫಲನ, ಒಂದು ಪರಿಭ್ರಮಣೆ

ಪ್ರತಿಫಲನ (ಕನ್ನಡಿಯಲ್ಲಿನಂತೆ ಮಗುಚುವುದು), ಪರಿಭ್ರಮಣೆ (ತಿರುಗಿಸುವುದು), ಸ್ಥಾನಾಂತರ (ಸರಿಸುವುದು) ಎಂಬ ಮೂರನ್ನೂ ಸಂಬಂಧವಿಲ್ಲದ ಸೂತ್ರಗಳಂತೆ ಬಾಯಿಪಾಠ ಮಾಡಿಸುವುದು ಗಣಿತ ಶಿಕ್ಷಕನಾದ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಮೂಲಬಿಂದುವಿನ ಸುತ್ತ ಅಪ್ರದಕ್ಷಿಣವಾಗಿ 90 ಡಿಗ್ರಿ ತಿರುಗಿಸಿದರೆ (ಎಕ್ಸ್, ವೈ) ಎಂಬುದು (-ವೈ, ಎಕ್ಸ್) ಆಗುತ್ತದೆಂದು ಮಕ್ಕಳು ಒಪ್ಪಿಸುತ್ತಾರೆ. ಆ ಋಣಚಿಹ್ನೆ ಎಲ್ಲಿಂದ ಬಂತೆಂದು ಕೇಳಿದರೆ ಉತ್ತರವಿರುವುದಿಲ್ಲ. ಆದ್ದರಿಂದ ಕಳೆದ ಮಳೆಗಾಲದ ಒಂದು ಶನಿವಾರ, ಬೆಳಗಿನ ತರಗತಿಯಲ್ಲಿ, ಯಾವ ಸೂತ್ರವನ್ನೂ ಹೇಳದೆ ಒಂಬತ್ತನೆಯವರಿಗೆ ಗ್ರಾಫ್ ಹಾಳೆಗಳನ್ನು ಹಂಚಿದೆ.

ಅ (2, 1), ಬ (5, 1), ಕ (5, 3) ಎಂಬ ಶೃಂಗಗಳ ತ್ರಿಭುಜವನ್ನು ಎಳೆಯಲು ಹೇಳಿದೆ. ಬಾಹುಗಳೆಲ್ಲ ಬೇರೆ ಬೇರೆ ಉದ್ದವಿರುವ ತ್ರಿಭುಜವನ್ನು ಬೇಕೆಂದೇ ಆರಿಸಿದ್ದೆ. ಸಮದ್ವಿಬಾಹುವಾದರೆ ಆಕೃತಿ ಮಗುಚಿದೆಯೋ ತಿರುಗಿದೆಯೋ ಎಂಬುದು ಕಣ್ಣಿಗೆ ತಿಳಿಯುವುದಿಲ್ಲ. ಮೊದಲು ಎಕ್ಸ್ ಅಕ್ಷದಲ್ಲಿ ಪ್ರತಿಫಲಿಸಿದಾಗ ಶೃಂಗಗಳು (2, -1), (5, -1), (5, -3) ಆದವು. ಅಪ್ರದಕ್ಷಿಣವಾಗಿದ್ದ ಅ-ಬ-ಕ ಕ್ರಮ ಈಗ ಪ್ರದಕ್ಷಿಣವಾಯಿತು. ಬಳಿಕ ಅದನ್ನು ವೈ = ಎಕ್ಸ್ ಎಂಬ ಓರೆಗೆರೆಯಲ್ಲಿ ಪ್ರತಿಫಲಿಸಿ, ಅಂದರೆ ಎರಡು ನಿರ್ದೇಶಾಂಕಗಳನ್ನು ಅದಲುಬದಲು ಮಾಡಿ, (-1, 2), (-1, 5), (-3, 5) ಗುರುತಿಸಿದರು. ಕ್ರಮ ಮತ್ತೆ ಅಪ್ರದಕ್ಷಿಣವಾಗಿತ್ತು, ತ್ರಿಭುಜ ಎರಡನೆಯ ಚತುರ್ಥಕದಲ್ಲಿ, ಅಂದರೆ ಅಕ್ಷಗಳ ನಡುವಿನ ಎಡ ಮೇಲ್ಭಾಗದಲ್ಲಿ, 90 ಡಿಗ್ರಿ ತಿರುಗಿ ನಿಂತಿತ್ತು. ಎರಡು ಗೆರೆಗಳ ನಡುವಿನ ಕೋನ 45 ಡಿಗ್ರಿ, ತಿರುಗಿದ ಕೋನ ಅದರ ಎರಡರಷ್ಟು. ಋಣಚಿಹ್ನೆಯನ್ನು ತಂದದ್ದು ಮೊದಲ ಪ್ರತಿಫಲನ, ಅದರ ಸ್ಥಾನ ಬದಲಿಸಿದ್ದು ಎರಡನೆಯದು.

"ಸರ್, ಓರೆಗೆರೆಯನ್ನೇ ಮೊದಲು ತೆಗೆದುಕೊಂಡರೆ?" ಎಂದು ಮುಂದಿನ ಬೆಂಚಿನ ಹುಡುಗಿ ಕೇಳಿದಳು. ನನಗೆ ಬೇಕಾಗಿದ್ದುದು ಇದೇ ಪ್ರಶ್ನೆ. ಮಾಡಿ ನೋಡಮ್ಮ ಎಂದೆ. ಅವಳಿಗೆ (1, -2), (1, -5), (3, -5) ದೊರೆತು, ತ್ರಿಭುಜ ನಾಲ್ಕನೆಯ ಚತುರ್ಥಕಕ್ಕೆ ಹೋಯಿತು. ಕೋನ ಅಷ್ಟೇ, ದಿಕ್ಕು ಮಾತ್ರ ಪ್ರದಕ್ಷಿಣ. ಕೂಡುವುದರಲ್ಲೂ ಗುಣಿಸುವುದರಲ್ಲೂ ಕ್ರಮ ಮುಖ್ಯವಲ್ಲವೆಂದು ಕಲಿತು ಬಂದ ಮಕ್ಕಳಿಗೆ, ಕ್ರಮ ಬದಲಾದರೆ ಫಲವೇ ಬದಲಾಗುವ ಕ್ರಿಯೆಯೊಂದು ತಮ್ಮ ಕೈಯಿಂದಲೇ ಎದುರಾದದ್ದು ಆ ದಿನದ ನಿಜವಾದ ಗಳಿಕೆ ಎಂದು ನಾನು ಭಾವಿಸುತ್ತೇನೆ. ಬಾಹುಗಳ ಉದ್ದ, ಬ ಬಳಿಯ ಲಂಬಕೋನ, 3 ಚದರ ಮಾನದ ವಿಸ್ತೀರ್ಣ ಎಲ್ಲಿಯೂ ಕದಲಲಿಲ್ಲ. ಪರಿವರ್ತನೆಯಲ್ಲಿ ಏನು ಬದಲಾಗದೆ ಉಳಿಯುತ್ತದೆ ಎಂಬುದರಿಂದಲೇ ಜ್ಯಾಮಿತಿಯನ್ನು ಅರಿಯಬೇಕೆಂದು ಗಣಿತಜ್ಞ ಫೆಲಿಕ್ಸ್ ಕ್ಲೈನ್ 1872ರಲ್ಲಿ ಜರ್ಮನಿಯ ಎರ್ಲಾಂಗೆನ್‌ನಲ್ಲಿ ಮಂಡಿಸಿದ ವಿಚಾರವನ್ನು ಇಲ್ಲಿ ಹೇಳದಿರಲು ನನಗೆ ಮನಸ್ಸಾಗಲಿಲ್ಲ.

ಗೆರೆಗಳು ಸಂಧಿಸದಿದ್ದರೆ ಏನಾಗುತ್ತದೆ ಎಂಬುದು ಉಳಿದಿತ್ತು. ಎಕ್ಸ್ = 1, ಅನಂತರ ಎಕ್ಸ್ = 4 ಎಂಬ ಸಮಾಂತರ ಗೆರೆಗಳಲ್ಲಿ ಪ್ರತಿಫಲಿಸಿದಾಗ ತ್ರಿಭುಜ ತಿರುಗಲಿಲ್ಲ, ಬಲಕ್ಕೆ 6 ಮಾನ ಸರಿಯಿತು; ಗೆರೆಗಳ ನಡುವಿನ ಅಂತರ 3. ಹಾಗಾದರೆ ಸ್ಥಾನಾಂತರವೂ ಎರಡು ಪ್ರತಿಫಲನಗಳೇ ಎಂದು ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ತಾನಾಗಿಯೇ ಹೇಳಿದ. ಅಳತೆ ಕೆಡಿಸದ ಯಾವ ಪರಿವರ್ತನೆಗೂ ಸಮತಲದಲ್ಲಿ ಮೂರಕ್ಕಿಂತ ಹೆಚ್ಚು ಪ್ರತಿಫಲನಗಳು ಬೇಕಾಗುವುದಿಲ್ಲ ಎಂಬ ಹೇಳಿಕೆಯನ್ನು ಹಲಗೆಯ ಮೇಲೆ ಬರೆದು, ಅದರ ಸಾಧನೆಯನ್ನು ಸೋಮವಾರಕ್ಕೆ ಇಟ್ಟುಕೊಂಡೆವು.