‘ಆ ದುಡ್ಡಿಗೆ ಹೊಸ ಕಾರೇ ಬರ್ತಿತ್ತಲ್ವಾ?’

ಬರ್ತಿತ್ತು. ಹೊಸ ಕಾರೇ ಬರ್ತಿತ್ತು, ಚೆನ್ನಾಗಿರೋದೇ ಬರ್ತಿತ್ತು. ನನ್ನ ಹಳೇ ಕಾಂಟೆಸ್ಸಾ ಕಾರು ಸರಿ ಮಾಡೋಕೆ ಹಾಕಿದ ದುಡ್ಡಿನ ಬಗ್ಗೆ ಎಲ್ರೂ ಕೇಳೋದು ಇದನ್ನೇ, ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಒಂದ್ಸಲ ಬರೆದು ಇಡ್ತಿದೀನಿ. ಇನ್ಮೇಲೆ ಯಾರು ಕೇಳಿದ್ರೂ ಇದನ್ನ ಓದ್ಕೊಳಿ ಅಂತೀನಿ.

ಗೊತ್ತಿಲ್ಲದವರಿಗೆ: ನನ್ನ ಹತ್ರ 1994ರ ಕಾಂಟೆಸ್ಸಾ ಕ್ಲಾಸಿಕ್ ಇದೆ, ಇಸುಝು ಪೆಟ್ರೋಲ್ ಎಂಜಿನ್ನಿನ 1.8 ಜಿಎಲ್. 2019ರಲ್ಲಿ 85 ಸಾವಿರಕ್ಕೆ ತಗೊಂಡೆ, ಓಡಿಸ್ಕೊಂಡು ಬರೋ ಸ್ಥಿತಿ ಇರ್ಲಿಲ್ಲ, ಟೋ ಮಾಡಿಸ್ಕೊಂಡು ಬಂದೆ. ಮದ್ದೂರಲ್ಲಿ ನಮ್ಮನೆ ಹಿಂದಿನ ಕೊಟ್ಟಿಗೇಲಿ ಶನಿವಾರ ಭಾನುವಾರ ಕೂತು ಮಾಡಿದ್ದು, ನಾಲ್ಕು ವರ್ಷ ಹಿಡೀತು. ಗಾಡಿ ದುಡ್ಡೂ ಸೇರಿ 6 ಲಕ್ಷದ 40 ಸಾವಿರ ಆಗಿದೆ. ಲೀಟರಿಗೆ ಎಂಟೂವರೆ, ಒಂಬತ್ತು ಕೊಡುತ್ತೆ. ಮಾರಲ್ಲ.

ಪ್ರಶ್ನೆಗಿಂತ ಜಾಸ್ತಿ ಸಿಟ್ಟು ಬರೋದು ಕೇಳೋ ರೀತಿಗೆ. ‘ಆ ಡಬ್ಬಕ್ಕೆ ಎಷ್ಟು ಸುರಿದೆ?’ ಅಂತಾರೆ. ಸುರಿಯೋದು ಅಂದ್ರೇನು? ಮಗಳ ಮದುವೆಗೆ ಸಾಲ ಮಾಡಿ ಮೂರು ದಿನ ಶಾಮಿಯಾನ ಹಾಕ್ಸಿದವರಿಗೆ ಯಾರೂ ಸುರಿದ ಅನ್ನಲ್ಲ, ಚೆನ್ನಾಗಿ ಮಾಡಿದ ಅಂತಾರೆ. ಏಳು ವರ್ಷದ ಇಎಂಐ ಹಾಕ್ಕೊಂಡು ಶೋರೂಮಿಂದ ಗಾಡಿ ತಂದ್ರೆ ಅದು ‘ತಗೊಂಡಿದ್ದು’. ನಾನು ಸಂಬಳ ಬಂದಾಗ ಒಂದೊಂದೇ ಪಾರ್ಟು ತಂದು ಕೈಯಾರೆ ಹಾಕಿದ್ರೆ ಅದು ಮಾತ್ರ ‘ಸುರಿದಿದ್ದು’. ಒಂದ್ರೂಪಾಯಿ ಸಾಲ ಮಾಡಿಲ್ಲ ನಾನು.

ಎಲ್ಲಿಗೆ ಹೋಯ್ತು ದುಡ್ಡು ಅಂದ್ರೆ, ಅರ್ಧ ದುಡ್ಡು ತುಕ್ಕಿಗೆ ಹೋಯ್ತು. ಮೇಲಿಂದ ನೋಡಿದ್ರೆ ಬಾಡಿ ನೀಟಾಗಿತ್ತು, ಆಯಸ್ಕಾಂತ ಹಿಡಿದು ನೋಡ್ತೀನಿ, ಬಾಗಿಲ ಕೆಳಗೆ ಒಂದು ಗೇಣು ಜಾಗದಲ್ಲಿ ಅಂಟ್ತಾನೇ ಇಲ್ಲ, ತಗಡಿನ ಬದಲು ಪೂರ್ತಿ ಪುಟ್ಟಿ ಮೆತ್ತಿದಾರೆ. ಕಾರ್ಪೆಟ್ ಎತ್ತಿದ್ರೆ ಡ್ರೈವರ್ ಕಾಲಿಡೋ ಕಡೆಯಿಂದ ಕೊಟ್ಟಿಗೆ ನೆಲ ಕಾಣ್ತಿತ್ತು. ಈ ಗಾಡಿಗೆ ಲಾರಿ ತರ ಕೆಳಗೆ ಬೇರೆ ಚಾಸಿ ಇಲ್ಲ, ಬಾಡಿನೇ ಚಾಸಿ. ಹಾಗಾಗಿ ಬಾಗಿಲ ಕೆಳಗಿನ ಪಟ್ಟಿ ಕೊಯ್ಯೋಕೆ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಎಲ್ ಆಂಗಲ್ ವೆಲ್ಡ್ ಮಾಡಿ ಬಿಗಿ ಮಾಡ್ಕೊಬೇಕು, ಇಲ್ಲಾಂದ್ರೆ ನಡು ಕುಸಿದು ಆಮೇಲೆ ಜನ್ಮದಲ್ಲಿ ಬಾಗಿಲು ಸರಿಯಾಗಿ ಕೂರಲ್ಲ. ಇದನ್ನ ಹೇಳಿಕೊಟ್ಟಿದ್ದು ಊರಿನ ಒಬ್ಬ ಟಿಂಕರು, ಗಾಡಿ ಬಾಡಿ ತಗಡು ಕೆಲಸ ಮಾಡೋರು. 20 ಗೇಜಿನ ತೆಳು ಶೀಟಿಗೆ ಒಂದೇ ಸಮ ವೆಲ್ಡಿಂಗ್ ಎಳೆದ್ರೆ ತಗಡು ಕಾದು ಹಪ್ಪಳ ಆಗುತ್ತೆ, ಒಂದು ಚುಕ್ಕಿ ಇಲ್ಲಿ, ಒಂದು ಚುಕ್ಕಿ ಅಲ್ಲಿ, ಆರೋಕೆ ಬಿಟ್ಟು ಮತ್ತೆ ಇಲ್ಲಿ. ನಾನು ಕಲಿತು ಮಾಡಿದ ಮೊದಲನೇ ತುಂಡು ಮೂರು ಸಲ ಕಿತ್ತಿದೀವಿ. ನಾಲ್ಕನೇ ಸಲ ಅವರು ಬೆರಳಲ್ಲಿ ಸವರಿ ನೋಡಿ ಏನೂ ಅನ್ಲಿಲ್ಲ, ಅವತ್ತು ರಾತ್ರಿ ಖುಷಿಗೆ ನನಗೆ ನಿದ್ದೆ ಬರ್ಲಿಲ್ಲ.

ಎರಡನೇ ಪ್ರಶ್ನೆ ಹುಡುಗರದ್ದು. ‘ಅಣ್ಣ, ಇಂಡಿಯನ್ ಮಸಲ್ ಕಾರ್ ಅಲ್ವಾ, ದೊಡ್ಡ ಎಂಜಿನ್ ಹಾಕ್ಸಿ.’ ಉದ್ದ ಬಾನೆಟ್ ನೋಡಿ ಹಾಗಂತಾರೆ, ನನಗೂ ಆ ಬಾನೆಟ್ ಕಂಡ್ರೆ ಪ್ರಾಣ. ಆದ್ರೆ ಮಸಲ್ ಕಾರ್ ಅಂದ್ರೆ ಭಾರೀ ಎಂಜಿನ್ನಿನ ಅಮೆರಿಕದ ಗಾಡಿ, ಇದರ ಬೇರು ಅಮೆರಿಕದ್ದಲ್ಲ. 1972ರಲ್ಲಿ ಇಂಗ್ಲೆಂಡಲ್ಲಿ ಬಂದ ವಾಕ್ಸ್‌ಹಾಲ್ ವಿಕ್ಟರ್ ಗಾಡಿ, ಅಲ್ಲಿ ತಯಾರಿಕೆ ನಿಂತ್ಮೇಲೆ ಹಿಂದುಸ್ತಾನ್ ಮೋಟಾರ್ಸ್‌ನವರು ಅದನ್ನ ತಂದು ಬಂಗಾಳದ ಉತ್ತರಪಾರಾದಲ್ಲಿ 1984ರಿಂದ 2002ರವರೆಗೂ ಮಾಡಿದ್ರು. ಅಮೆರಿಕದಲ್ಲಿ 1964ರಲ್ಲೇ ಪಾಂಟಿಯಾಕ್ ಜಿಟಿಓಗೆ 6.4 ಲೀಟರ್ ವಿ8, 325 ಕುದುರೆ ಶಕ್ತಿ. ನಮ್ಮ ಮೊದಮೊದಲ ಕಾಂಟೆಸ್ಸಾಗೆ ಅಂಬಾಸಿಡರ್‌ದೇ 1489 ಸಿಸಿ ಎಂಜಿನ್ನು, ಸುಮಾರು 50. ಅಷ್ಟು ದೊಡ್ಡ ಮೈ ಹೊತ್ಕೊಂಡು ಪಾಪ ಅದು ಘಾಟಿ ಹತ್ತಬೇಕಿತ್ತು. 1817 ಸಿಸಿ ಇಸುಝು ಮತ್ತೆ ಐದು ಗೇರು ಬಂದ್ಮೇಲೇನೇ ಗಾಡಿಗೆ ಜೀವ ಬಂದಿದ್ದು.

ಆ ಎಂಜಿನ್ ನಾನ್ಯಾಕೆ ತೆಗೀಬೇಕು? ಆಮೇಲೆ ಅದೇ ಇಸುಝುನ ಅಂಬಾಸಿಡರ್‌ಗೂ ಹಾಕಿದ್ರು, ಅದಕ್ಕೇ ಶಿವಾಜಿನಗರದ ಗುಜರೀಲಿ, ಜೆ.ಸಿ. ರೋಡಲ್ಲಿ ಹುಡುಕಿದ್ರೆ ಇವತ್ತಿಗೂ ಸಾಮಾನು ಸಿಗುತ್ತೆ. ಎಂಜಿನ್ ಸಿಲಿಂಡರಿಗೆ ಬೋರ್ ಹಾಕ್ಸೋದು, ಹೆಡ್ ಸಮ ಮಾಡೋ ಫೇಸಿಂಗು ಮೈಸೂರಿನ ಲೇತಲ್ಲಿ ಆಯ್ತು, ಬಿಚ್ಚಿದ್ದು ಜೋಡಿಸಿದ್ದು ನಾನು. ಕಾನೂನೂ ಇದೆಯಲ್ಲಪ್ಪ. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ರಚನೇನ ಹಾಗೆಲ್ಲ ಬದಲಾಯಿಸೋ ಹಾಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ, ಎಂಜಿನ್ ಬದಲಾದ್ರೆ ಆರ್‌ಟಿಓ ಅನುಮತಿ ಬೇಕು, ಆರ್‌ಸೀಲಿ ಬರಬೇಕು. ಹದಿನೈದು ವರ್ಷ ದಾಟಿದ ಗಾಡಿ ಐದೈದು ವರ್ಷಕ್ಕೆ ಎಫ್‌ಸಿಗೆ, ಅಂದ್ರೆ ಫಿಟ್ನೆಸ್ ಪರೀಕ್ಷೆಗೆ ಹೋಗ್ಬೇಕು. ಅಲ್ಲಿ ನಿಂತಾಗ ನನ್ನ ಗಾಡಿ ತಲೆ ಎತ್ಕೊಂಡು ನಿಲ್ಬೇಕು.

ನಾನು ಮಾಡಿರೋ ಅಪ್‌ಗ್ರೇಡು ಯಾವ್ದೂ ಫೋಟೋದಲ್ಲಿ ಕಾಣಲ್ಲ. ಹೆಡ್‌ಲೈಟಿನ ಕರೆಂಟೆಲ್ಲ ಸ್ವಿಚ್ ಮೂಲಕಾನೇ ಹೋಗಿ ಸ್ವಿಚ್ ಸುಡ್ತಿತ್ತು, ಜಾಸ್ತಿ ಕರೆಂಟ್ ತಡೆಯೋ ರಿಲೇ ಹಾಕಿ ಬ್ಯಾಟರಿಯಿಂದ ನೇರ ದಪ್ಪ ವೈರ್ ಎಳೆದೆ, ಅದೇ ಬಲ್ಬು ಎರಡರಷ್ಟು ಬೆಳಕು ಬಂದಂಗಾಯ್ತು. ಈಗ ಬಂಕಲ್ಲಿ ಸಿಗೋದು 20 ಪರ್ಸೆಂಟ್ ಎಥೆನಾಲ್ ಪೆಟ್ರೋಲು, ಹಳೇ ಪೆಟ್ರೋಲ್ ಪೈಪು ಅದಕ್ಕೆ ಮೆತ್ತಗಾಗಿ ಸೀಳುತ್ತೆ, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿದ್ರೆ ಗತಿ ಏನು, ಟ್ಯಾಂಕಿಂದ ಕಾರ್ಬ್ಯುರೇಟರ್‌ವರೆಗೂ ಎಥೆನಾಲ್ ತಡೆಯೋ ಪೈಪೇ ಹಾಕಿದೀನಿ. ಹಿಂದೆ ಕೂರೋರಿಗೂ ಸೀಟ್ ಬೆಲ್ಟ್.

ಇದನ್ನ ಯಾರೂ ಕೇಳಲ್ಲ. ಒಬ್ಬರು ಮಾತ್ರ ಕೇಳಿದ್ರು.

ಹೋದ ವರ್ಷ ನಾಗಮಂಗಲದ ಹತ್ರ ನಮ್ಮ ನೆಂಟರ ಬೀಗರ ಊಟ. ಊಟ ಆಗಿ ಎಲೆ ಅಡಿಕೆ ಹಾಕ್ಕೊಂಡು ಎಲ್ರೂ ಗಾಡಿ ಸುತ್ತ ಬಂದು ನಿಂತ್ರು. ನಮ್ಮ ಭಾವ ಬಾಗಿಲು ತೆಗೆದು ದಢಾರ್ ಅಂತ ಹಾಕಿ, ಹತ್ತು ಜನದ ಮುಂದೆ, ‘ಆರು ಲಕ್ಷ ಸುರಿದವ್ನೆ ನೋಡ್ರಪ್ಪ, ಹೊಸ ಗಾಡಿ ಬರ್ತಿರ್ಲಿಲ್ವಾ?’ ಅಂದ್ರು. ಹಬ್ಬದ ಮನೇಲಿ ಜಗಳ ಬೇಡ ಅಂತ ಸುಮ್ಮನಿದ್ದೆ, ಆದ್ರೆ ಕಿವಿ ಬಿಸಿ ಆಗಿತ್ತು. ಹಿಂದೆ ನಿಂತಿದ್ದ ಒಬ್ಬ ಹಿರೀರು, ಎಪ್ಪತ್ತು ದಾಟಿರಬೇಕು, ಮುಂದೆ ಬಂದು ಕೇಳಿದ್ರು: ‘ಬ್ರೇಕಿಗೆ ಏನ್ ಮಾಡಿದ್ದೀಯಪ್ಪ?’

ನಾಲ್ಕು ವರ್ಷಕ್ಕೆ ಮೊದಲನೇ ಸಲ ಯಾರೋ ಅದನ್ನ ಕೇಳಿದ್ದು. ಮಾಸ್ಟರ್ ಸಿಲಿಂಡರ್, ಮುಂದಿನ ಕ್ಯಾಲಿಪರ್ ಸೀಲು, ಹಿಂದಿನ ವೀಲ್ ಸಿಲಿಂಡರು, ಡಾಟ್ 4 ಆಯಿಲ್, ಎಲ್ಲಾ ಹೇಳಿದೆ. ಅವರು ‘ಕೀ ಕೊಡು’ ಅಂದ್ರು. ‘ತಗೊಳಿ ಯಜಮಾನ್ರೇ’ ಅಂತ ಕೊಟ್ಟೆ. ಸ್ಟಾರ್ಟ್ ಮಾಡದೇನೇ ನಾಲ್ಕೈದು ಸಲ ಪೆಡಲ್ ತುಳಿದು ಗಟ್ಟಿ ಮಾಡ್ಕೊಂಡ್ರು, ಕಾಲು ಒತ್ತಿ ಹಿಡಿದೇ ಕೀ ತಿರುಗಿಸಿ ಸ್ಟಾರ್ಟ್ ಮಾಡಿದ್ರು, ಪೆಡಲ್ ಅರ್ಧ ಇಂಚು ಕೆಳಗೆ ಇಳೀತು. ‘ಸರ್ವೋ ಹಿಡೀತದೆ.’ ಎಂಜಿನ್ ಓಡುವಾಗ ಬ್ರೇಕ್ ಹಗುರ ಮಾಡೋ ಭಾಗ ಅದು. ಆಮೇಲೆ ಒಂದು ನಿಮಿಷ ಹಾಗೇ ಒತ್ಕೊಂಡು ಕೂತ್ರು, ಪೆಡಲ್ ಇನ್ನೂ ಇಳೀತದಾ ಅಂತ. ಇಳೀಲಿಲ್ಲ. ‘ಮಾಸ್ಟರ್ ಸಿಲಿಂಡ್ರೂ ಸರಿಯಾಗದೆ. ಗಾಡಿ ಹತ್ತು, ಒಂದ್ ರೌಂಡ್ ಹೋಗ್ಬರಾನ.’

ಹಿಂದೆ ಒಬ್ಬ ಸಾಹೇಬರಿಗೆ ಹನ್ನೊಂದು ವರ್ಷ ಕಾಂಟೆಸ್ಸಾ ಓಡಿಸಿದ್ರಂತೆ. ಕೆರೆ ಏರಿ ದಾಟಿದ ಮೇಲೆ ಖಾಲಿ ರಸ್ತೇಲಿ ನಲವತ್ತರಲ್ಲಿ ಸ್ಟೇರಿಂಗು ಸಡಿಲ ಬಿಟ್ಟು ಬ್ರೇಕ್ ಒತ್ತಿ ಕಾಲು ತೆಗೆದ್ರು. ‘ನೋಡು, ಕಾಲು ತೆಗೆದ ಮೇಲೂ ಎಡಗಡೆಗೆ ಎಳೀತದೆ. ಎಡಗಡೆ ಬ್ರೇಕ್ ಆಯಿಲ್ ಹೋಗೋ ರಬ್ಬರ್ ಹೋಸ್ ಒಳಗೆ ಊದ್ಕಂಡದೆ. ಆಯಿಲ್ ಹೋಗ್ತದೆ, ವಾಪಸ್ ಬರಕ್ಕಿಲ್ಲ.’

ನಾನು ಹಾಕಿದ್ದು ಹೊಸ ಹೋಸು. ಗುಜರೀಲಿ ಸಿಕ್ಕಿದ್ದು, ಕಂಪನಿ ಪ್ಯಾಕೆಟ್ಟು ಸೀಲೂ ಒಡೆದಿರ್ಲಿಲ್ಲ, ಎಷ್ಟು ಆಸೆಯಿಂದ ತಂದಿದ್ದೆ. ಅದನ್ನೂ ಹೇಳಿದೆ. ‘ಪ್ಯಾಕೆಟ್ ಒಳಗಿದ್ರೆ ರಬ್ಬರಿಗೆ ವಯಸ್ಸಾಗಲ್ವಾ ಮಗ?’ ಅಂದ್ರು, ಬೈದು ಅಲ್ಲ, ಮೆತ್ತಗೆ.

ಮನೆಗೆ ಬಂದು ಆ ಹೋಸ್ ಬಿಚ್ಚಿ ಬ್ಲೇಡಲ್ಲಿ ಉದ್ದಕ್ಕೆ ಸೀಳಿದೆ. ಮೇಲೆ ಒಂದು ಬಿರುಕಿಲ್ಲ. ಒಳಗೆ ರಬ್ಬರು ಊದಿ ಸೂಜಿ ಹೋಗೋಷ್ಟು ತೂತು ಉಳಿದಿತ್ತು. ನನ್ನ ಹೆಂಡತಿ ಮಗು ಕೂರೋ ಗಾಡಿ ಅದು. ಎರಡೂ ಕಡೆ ಈಗಿನ ತಯಾರಿಕೆಯ ಹೋಸ್ ಹಾಕಿದೆ, ಎರಡು ಸಾವಿರದ ಒಳಗೆ ಮುಗೀತು, ಹಿಂದೆ ಆಕ್ಸಲ್ ಹತ್ರ ಇರೋದನ್ನೂ ಬಿಡ್ಲಿಲ್ಲ. ಮುಂದಿನ ವಾರಾನೇ ಮತ್ತೆ ನಾಗಮಂಗಲಕ್ಕೆ ಹೋಗಿ ಯಜಮಾನ್ರನ್ನ ಹುಡುಕಿ ಕೀ ಕೊಟ್ಟೆ. ಅದೇ ಏರಿ ದಾಟಿ ಅದೇ ಜಾಗದಲ್ಲಿ ಬ್ರೇಕ್ ಹಾಕಿದ್ರು. ನೆಟ್ಟಗೆ ನಿಲ್ತು.

‘ಹಿಂದಿನ ಬ್ರೇಕ್ ಡ್ರಮ್ಮು ಬಿಚ್ಚಿ ಎಷ್ಟು ದಿನ ಆಯ್ತು?’

‘ಆರು ತಿಂಗಳು.’

‘ಈ ಭಾನುವಾರ ಬಿಚ್ಚು.’